ಹನುಮಂತನಿಂದ ನಾನು ಕಿತ್ತುಕೊಂಡ ಹೊಳೆ

ಆ ಮಡುವಿನ ಮೀನುಗಳನ್ನು ಕೊಂದವನು ನಾನು. ಹನುಮಂತನಲ್ಲ.

ಇಷ್ಟೇ ಮಾತು. ಇದನ್ನು ಬಾಯಲ್ಲಿ ಹೇಳಲಾರದೆ ನಾನು ಹತ್ತು ಹನ್ನೆರಡು ವರ್ಷ ಕಳೆದೆ. ಬರೆದು ನೋಡಿದರೆ ಒಂದು ಸಾಲೂ ತುಂಬಲಿಲ್ಲ. ಉಳಿದದ್ದನ್ನು ಬರೆಯುವುದು ನನ್ನನ್ನು ಯಾರಾದರೂ ಅರ್ಥ ಮಾಡಿಕೊಳ್ಳಲಿ ಅಂತಲ್ಲ. ಈ ಸಾಲನ್ನು ಓದಿದ ನಮ್ಮ ಕಡೆಯವರು, ‘ಏನೋ ವಯಸ್ಸಾಯಿತು, ಶಿವಣ್ಣ ಏನೇನೋ ಬರೆದಿದ್ದಾನೆ’ ಅಂತ ತಳ್ಳಿಹಾಕಬಾರದು — ಅದಕ್ಕೆ.

ಗುಬ್ಬಿ ಕಡೆಯಿಂದ ತುಮಕೂರಿಗೆ ಹೋಗುವ ರಸ್ತೆಯಲ್ಲಿ, ಹೊಳೆ ದಾಟುವ ಸೇತುವೆಯ ಪಕ್ಕ ನನ್ನ ಸೈಕಲ್ ಶಾಪು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಪಂಕ್ಚರ್ ಹಾಕುತ್ತಾ ಹಾಕುತ್ತಾ ಸ್ವಂತ ಶಾಪು ಮಾಡಿದೆ, ಬಾಡಿಗೆ ಸೈಕಲ್ ಇಟ್ಟೆ, ಹಳೆಯ ಸೈಕಲ್ಲುಗಳಿಗೆ ಹೊಸ ಬಣ್ಣ ಹೊಡೆಯುವುದನ್ನು ಕಲಿತೆ. ನನ್ನ ಕೈಯಲ್ಲಿ ಬಣ್ಣವಾದ ಸೈಕಲ್ಲನ್ನು ಕಂಪನಿಯದೋ ಏನೋ ಅಂತ ತುಮಕೂರಿನವರೇ ಕೇಳುತ್ತಿದ್ದರು. ಯಾರ ಮುಂದೆಯೂ ಕೈ ಒಡ್ಡಿದವನಲ್ಲ ಅನ್ನುವ ಜಂಬ ನನಗಿತ್ತು. ಇನ್ನೂ ಇದೆ. ಅದೇ ನನ್ನ ರೋಗ.

ಆಗ ಶಿಂಷಾ ಹೊಳೆಯಲ್ಲಿ ಬೇಸಿಗೆಗೆ ಹರಿವು ನಿಂತುಹೋಗುತ್ತಿತ್ತು. ಸೇತುವೆಯ ಕೆಳಗೆ ಒಂದು ಮಡು ಮಾತ್ರ ಉಳಿಯುತ್ತಿತ್ತು. ಅದರ ಅಂಚಿನ ಮರಳಲ್ಲಿ ಹೆಂಗಸರು ಒರತೆ ತೋಡಿ ಕುಡಿಯುವ ನೀರು ತುಂಬಿಕೊಳ್ಳುತ್ತಿದ್ದರು. ಅದೇ ಮಡುವಿಗೆ ಬಸ್ಸುಗಳನ್ನು ಇಳಿಸಿ ತೊಳೆಯುತ್ತಿದ್ದರು. ಚಕ್ರ ಮುಳುಗುವಷ್ಟು ನೀರಲ್ಲಿ ಬಸ್ಸು ನಿಲ್ಲಿಸಿ, ಕ್ಲೀನರ್ ಬಕೆಟ್ಟಿನಲ್ಲಿ ಎರಚುತ್ತಿದ್ದ. ಆಯಿಲ್ಲು ಬಣ್ಣಬಣ್ಣವಾಗಿ ಮಡುವಿನ ತುಂಬ ಹರಡಿಕೊಳ್ಳುತ್ತಿತ್ತು. ಒರತೆಯ ನೀರಿಗೂ ಆ ವಾಸನೆ ಬಂತು. ಬಸ್ಸಿನ ಓನರಿಗೆ ಹೇಳಿದೆವು, ಕೇಳಲಿಲ್ಲ. ಆಗ ತುಮಕೂರಿನ ಆಫೀಸುಗಳಿಗೆ ಹೋಗುವ ನಮ್ಮೂರಿನ ಕೆಲವರು, ಮೇಷ್ಟ್ರುಗಳು, ಅಂಗಡಿಯವರು, ನನ್ನ ಶಾಪಿನ ಮುಂದೆಯೇ ಕೂತು ಒಂದು ತೀರ್ಮಾನ ಮಾಡಿದರು. ಹೊಳೆಯಲ್ಲಿ ತೊಳೆದ ಬಸ್ಸನ್ನು ಹತ್ತುವುದಿಲ್ಲ. ಸೈಕಲ್ ತುಳಿದೇ ಕೆಲಸಕ್ಕೆ ಹೋಗುವುದು. ಭಾನುವಾರ ಭಾನುವಾರ ಎಲ್ಲರೂ ಮಡುವಿಗಿಳಿದು ಅಂತರಗಂಗೆ ಕಿತ್ತು, ಹೂಳು ಎತ್ತುವುದು. ಇದಕ್ಕೆಲ್ಲ ಮುಂದಾಳು ಸೈಕಲ್ ಶಾಪಿನ ಶಿವಣ್ಣ.

ಓದಿದವರೆಲ್ಲ ‘ಶಿವಣ್ಣನವರೇ’ ಅಂತ ಬಹುವಚನದಲ್ಲಿ ಕರೆದರು. ಆ ‘ನವರೇ’ ಕೇಳಿಸಿಕೊಂಡ ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ — ಹೊಟ್ಟೆ ತುಂಬಿಹೋಗಿತ್ತು.

ಬಸ್ಸಿನ ಕಿಟಕಿಯಿಂದ ಕಂಡಕ್ಟರ್ ರೇಗಿಸುತ್ತಿದ್ದ. “ತುಳೀರಿ ತುಳೀರಿ. ನೀವು ತುಮ್ಕೂರು ಸೇರೋ ಹೊತ್ಗೆ ಆಪೀಸಿಗೆ ಬೀಗ ಬಿದ್ದಿರ್ತದೆ.” ನಮ್ಮವರೂ ಬಿಡುತ್ತಿರಲಿಲ್ಲ. “ನಿನ್ ಬಸ್ಸು ಕೆಟ್ಟು ನಿಂತಾಗ ಡಬ್ಬಲ್ ರೈಡ್ ಕೊಡ್ತೀವಿ, ಹಿಂದೆ ಕೂತ್ಕೊಳ್ಳೋವಂತೆ ಬುಡು” ಅನ್ನುತ್ತಿದ್ದರು.

ಹನುಮಂತ ಆ ಬಸ್ಸಿನ ಕ್ಲೀನರ್. ನಮ್ಮ ಬೀದಿಯವನು, ನನಗಿಂತ ಐದಾರು ವರ್ಷ ಚಿಕ್ಕವನು, ಒಂದೇ ಜಾತಿ ಒಂದೇ ಪಂಕ್ತಿ. ನನ್ನನ್ನು ಅಣ್ಣ ಅನ್ನುತ್ತಿದ್ದ. ಹೊಳೆ ಅಂದರೆ ಅವನಿಗೆ ಪ್ರಾಣ. ಕೆಲಸ ಮುಗಿದ ಮೇಲೆ ಮಡುವಿಗೆ ಬಿದ್ದು ಈಜದೆ ಮನೆಗೆ ಹೋದವನಲ್ಲ. ಬಸ್ಸಿನವರ ಪೈಕಿ ನಮ್ಮ ಮಾತಿಗೆ ಕಿವಿಗೊಟ್ಟವನು ಅವನೊಬ್ಬನೇ. ಬಸ್ಸನ್ನು ನೀರಿಗಿಳಿಸುವುದಿಲ್ಲ ಅಂತ ಓನರ್ ಹತ್ತಿರ ಜಗಳವಾಡಿದ. ದಡದ ಮೇಲೆ, ದೂರದ ಬಂಡೆಯ ಹತ್ತಿರ ಡ್ರೈವರ್ ಕೈಲಿ ಬಸ್ಸು ನಿಲ್ಲಿಸಿ, ಬಕೆಟ್ಟು ಬಕೆಟ್ಟು ನೀರು ಹೊತ್ತು ತೊಳೆಯತೊಡಗಿದ. ಭಾನುವಾರ ನಮ್ಮ ಜೊತೆಯಲ್ಲೂ ಇಳಿಯುತ್ತಿದ್ದ. ಎಲ್ಲರಿಗಿಂತ ಆಳಕ್ಕೆ ಹೋಗಿ ಬೇರುಸಮೇತ ಜೊಂಡು ಕೀಳುತ್ತಿದ್ದವನು ಅವನು. ಆದರೂ ಕೆಲವರಿಗೆ ಅವನ ಮೇಲೆ ಗುಮಾನಿ — ಬಸ್ಸಿನವರ ಕಡೆಯವನು ಅಂತ.

ಒಂದು ಬೇಸಿಗೆಯಲ್ಲಿ ನನಗೊಂದು ಹುಚ್ಚು ಹತ್ತಿತು. ನಮ್ಮವರ ಸೈಕಲ್ಲುಗಳಿಗೆಲ್ಲ ಒಂದೇ ಹಸಿರು ಬಣ್ಣ ಹೊಡೆದು, ಸೋಮವಾರ ಬೆಳಿಗ್ಗೆ ಸಾಲಾಗಿ ತುಮಕೂರಿಗೆ ಹೋಗಬೇಕು. ಪೇಟೆಯವರೆಲ್ಲ ನಿಂತು ನೋಡಬೇಕು. ಯಾರು ಮಾಡಿದ್ದು ಅಂತ ಕೇಳಬೇಕು. ಹೊಳೆಗಾಗಿ ಅಂತ ಎಲ್ಲರಿಗೂ ಹೇಳಿದೆ. ನನಗೂ ಹಾಗೇ ಹೇಳಿಕೊಂಡೆ.

ಹೊಸ ಬಣ್ಣ ಹಿಡಿಯಬೇಕಾದರೆ ಹಳೆಯದನ್ನು ಪೂರಾ ಕೀಳಬೇಕು. ಅದಕ್ಕೆ ಶಾಪಿನ ಹಿಂದೆ ಕಾಸ್ಟಿಕ್ ಸೋಡಾ ಕಲಸಿದ ನೀರಿನ ಡ್ರಮ್ಮುಗಳಿದ್ದವು. ಫ್ರೇಮನ್ನು ಅದರಲ್ಲಿ ಮುಳುಗಿಸಿಟ್ಟರೆ ಬಣ್ಣ ಚರ್ಮ ಸುಲಿದ ಹಾಗೆ ಬರುತ್ತದೆ. ಕೈಗೆ ತಾಗಿದರೆ ಕೈಯನ್ನೂ ಸುಲಿಯುತ್ತದೆ. ಆ ನೀರು ಕೆಟ್ಟಮೇಲೆ ಹೊಳೆಯಿಂದ ದೂರ, ದಿಣ್ಣೆಯ ಮೇಲೆ ಗುಂಡಿ ತೋಡಿ ಸುರಿದು ಮಣ್ಣು ಮುಚ್ಚುತ್ತಿದ್ದೆ. ಇದು ನಾನೇ ಮಾಡಿಕೊಂಡ ಕಟ್ಟಳೆ. ಬೇರೆಯವರಿಗೆ ಬುದ್ಧಿ ಹೇಳುತ್ತಿದ್ದವನೂ ನಾನೇ.

ಆ ಶನಿವಾರ ಡ್ರಮ್ಮುಗಳೆಲ್ಲ ಕೆಟ್ಟು ಗಸಿಯಾಗಿದ್ದವು. ಹಸಿರು ಬಳಿದ ಫ್ರೇಮುಗಳನ್ನು ನೇತುಹಾಕುವುದಕ್ಕೆ ಹಿತ್ತಿಲಲ್ಲಿ ಜಾಗ ಬೇಕಿತ್ತು. ದಿಣ್ಣೆಗೆ ಹೊತ್ತು, ಗುಂಡಿ ತೋಡಿ — ಅರ್ಧ ದಿನದ ಕೆಲಸ. ನನ್ನ ಹೆಂಡತಿ ಜಯಮ್ಮ, ನಾಳಿದ್ದು ಸುರಿದರೆ ಆಗುವುದಿಲ್ಲವೇ ಅಂದಳು. ಶಾಪಿನ ಹಿಂದೆ ಒಂದು ಒಣ ಹಳ್ಳ ಇದೆ, ಅದು ಹೋಗಿ ಮಡುವಿಗೆ ಸೇರುತ್ತದೆ. ಮರಳು ಕುಡಿದುಬಿಡುತ್ತದೆ ಅಂದುಕೊಂಡು ಡ್ರಮ್ಮುಗಳನ್ನು ಅದರೊಳಕ್ಕೆ ಉರುಳಿಸಿ ಖಾಲಿ ಮಾಡಿದೆ.

ಸಾಯಂಕಾಲ ಗುಡುಗಿ ಮಳೆ ಬಂತು. ಆ ಬೇಸಿಗೆಯ ಮೊದಲ ಮಳೆ. ಊರೆಲ್ಲ ಖುಷಿಪಟ್ಟಿತು. ನಾನು ಒಳಗೆ ಹಸಿರು ಬಣ್ಣ ಬಳಿಯುತ್ತಿದ್ದೆ. ಹಳ್ಳ ಹರಿಯುವ ಸದ್ದು ಕಿವಿಗೆ ಬಿತ್ತು. ಬಿತ್ತು — ಬೀಳಲಿಲ್ಲ ಅಂತ ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ಬ್ರಷ್ಷು ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಬಳಿದೆ.

ಭಾನುವಾರ ಬೆಳಿಗ್ಗೆ ನಾವು ಹೋಗುವ ಹೊತ್ತಿಗೆ ಮಡುವಿನ ಮೇಲೆ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಏಡಿಗಳು ದಡಕ್ಕೆ ಹತ್ತಿ ಸತ್ತಿದ್ದವು. ಹೆಂಗಸರು ಖಾಲಿ ಬಿಂದಿಗೆ ಸೊಂಟದಲ್ಲಿಟ್ಟುಕೊಂಡು ನಿಂತಿದ್ದರು. ನಾನು ನೀರಿಗೆ ಕೈ ಅದ್ದಿದೆ. ಬೆರಳುಗಳ ನಡುವೆ ಸೋಪಿನ ಹಾಗೆ ಜಾರಿತು. ಆ ಜಾರು ನನಗೆ ಗೊತ್ತು. ದಿನಾ ನನ್ನ ಕೈಗೆ ತಾಗುವ ಜಾರು ಅದು.

ಯಾರೋ ಬ್ಯಾಟರಿ ಆಸಿಡ್ ಅಂದರು. ಹಿಂದಿನ ದಿನ ಹನುಮಂತ ಬಂಡೆಯ ಹತ್ತಿರ ಬಸ್ಸಿನ ಬ್ಯಾಟರಿ ಇಳಿಸಿಕೊಂಡು ಕೂತಿದ್ದನ್ನು ಇಬ್ಬರು ನೋಡಿದ್ದರು. ಆಸಿಡ್ ಹಾಗೆ ಜಾರುವುದಿಲ್ಲ. ಅದು ಆ ದಡದ ಮೇಲೆ ನನಗೊಬ್ಬನಿಗೆ ಗೊತ್ತಿತ್ತು. ನಾನು ಕೈಯನ್ನು ಪಂಚೆಗೆ ಒರೆಸಿಕೊಂಡೆ.

ಹನುಮಂತನನ್ನು ನಡುವೆ ನಿಲ್ಲಿಸಿಕೊಂಡು ಕೇಳಿದರು. ಬ್ಯಾಟರಿಯ ಹಳೆ ನೀರನ್ನು ಬಂಡೆಯ ಮೇಲೆ ಸುರಿದದ್ದು ನಿಜ, ಹೊಳೆಗಲ್ಲ ಅಂದ. ಓನರ್ ದುಡ್ಡು ಕೊಟ್ಟು ಮಾಡಿಸಿದ ಅಂತ ಒಬ್ಬರು, ನಮ್ಮೊಳಗೇ ಇದ್ದು ಕತ್ತು ಕುಯ್ದ ಅಂತ ಇನ್ನೊಬ್ಬರು. ನಮ್ಮ ಕಡೆ ಇಂಥ ಮಾತು ಬಂದಾಗ ಒಂದು ದಾರಿ ಇದೆ. ಮಾತು ಹೊತ್ತವನು ನೀರಿಗಿಳಿದು, ಬೊಗಸೆಯಲ್ಲಿ ಹೊಳೆಯನ್ನು ಹಿಡಿದು ಗಂಗಮ್ಮನ ಮೇಲೆ ಆಣೆ ಇಡಬೇಕು. ಇಟ್ಟನೆಂದರೆ ಮುಗಿಯಿತು, ಆಮೇಲೆ ಆ ಮಾತನ್ನು ಯಾರೂ ಎತ್ತುವ ಹಾಗಿಲ್ಲ.

ಹನುಮಂತ ಚಡ್ಡಿ ಮಡಿಸಿಕೊಂಡ.

“ಗಂಗಮ್ಮನ್ನ ಮುಟ್ಟಿ ಯೋಳ್ತೀನಿ ಕಣ್ರಪ್ಪ. ಆಸಿಡ್ಡು ಸೋಡಾ ಮುಟ್ಟೋರು ಯಾರ್ಯಾರಿದ್ದೀರೋ, ನಾನಾದ್ಮೇಲೆ ಒಬ್ಬೊಬ್ರಾಗಿ ನೀವೂ ಯೋಳ್ಬುಡಿ. ಅಣ್ಣಂದೂ ಶಾಪ್ ಅದೆ, ಅಣ್ಣಾನೂ ಯೋಳ್ಲಿ. ಮುಗ್ದೋಗ್ಲಿ.”

ನನ್ನ ಮೇಲೆ ಗುಮಾನಿಯಿಂದ ಅಂದದ್ದಲ್ಲ ಅದು. ಅಣ್ಣ ಮುಂದಾದರೆ ಮಿಕ್ಕವರೂ ಬರುತ್ತಾರೆ ಅನ್ನುವ ನಂಬಿಕೆಯಿಂದ ಅಂದದ್ದು. ಮೇಷ್ಟ್ರೊಬ್ಬರು ಅದು ನ್ಯಾಯವೇ ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು.

ನಾನು ಸುಳ್ಳು ಹೇಳಬಲ್ಲೆ. ಆದರೆ ಹೊಳೆಯನ್ನು ಬೊಗಸೆಯಲ್ಲಿ ಹಿಡಿದು ಸುಳ್ಳು ಹೇಳಲಾರೆ — ಅಷ್ಟು ಭಯ ನನಗಿತ್ತು. ನಿಜ ಹೇಳುವ ಧೈರ್ಯವಂತೂ ಇರಲಿಲ್ಲ. ನಾಳೆ ಬೆಳಿಗ್ಗೆ ಹಸಿರು ಸೈಕಲ್ಲುಗಳ ಮುಂದೆ ನಾನು ಹೋಗಬೇಕಿತ್ತು. ‘ಶಿವಣ್ಣನವರೇ’ ಅನ್ನುವ ಆ ಬಾಯಿಗಳೆಲ್ಲ ಅಲ್ಲಿದ್ದವು. ಹನುಮಂತನ ಒಂದು ಕಾಲು ಇನ್ನೇನು ನೀರಿಗೆ ತಾಗಬೇಕು, ಆಗ ನಾನು ಗಟ್ಟಿಯಾಗಿ ಹೇಳಿದೆ:

“ನಿಲ್ಲಲೇ. ಹೊಳೆ ಕೆಡಿಸ್ದೋನಿಗೆ ಹೊಳೆ ಮುಟ್ಟೋ ಹಕ್ಕಿಲ್ಲ.”

ಸುತ್ತ ಇದ್ದವರು ತಲೆದೂಗಿದರು. ಎಂಥಾ ಮಾತು ಅಂದರು. ಆಣೆ ಅಲ್ಲಿಗೇ ನಿಂತಿತು. ಅವನದೂ ನಿಂತಿತು, ನನ್ನದೂ ನಿಂತಿತು. ಅದಕ್ಕೇ ತಾನೇ ನಾನು ಹೇಳಿದ್ದು.

ಹನುಮಂತ ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ನನ್ನ ಮುಖವನ್ನೇ ನೋಡಿದ. “ನೀನಂದ್ಯಲ್ಲಣ್ಣ. ಸಾಕು ಬುಡು” ಅಂದ. ಚಡ್ಡಿಯ ಮಡಿಕೆ ಬಿಚ್ಚಿಕೊಂಡು ದಡ ಹತ್ತಿ ಹೋದ.

ಸೋಮವಾರ ನಾವು ತುಮಕೂರಿಗೆ ಹೋದೆವು. ಜನ ನಿಂತು ನೋಡಿದರು. ನನಗೆ ಹಾರ ಹಾಕಿದರು. ಮೀನು ಸತ್ತ ಸುದ್ದಿ ನಮಗಿಂತ ಮುಂಚೆಯೇ ಪೇಟೆ ತಲುಪಿತ್ತು. ಗಲಾಟೆಗೆ ಹೆದರಿ ಬಸ್ಸಿನ ಓನರ್ ಇನ್ನು ಮೇಲೆ ಹೊಳೆಯ ಹತ್ತಿರವೇ ಬಸ್ಸು ತೊಳೆಸುವುದಿಲ್ಲ ಅಂತ ಒಪ್ಪಿಕೊಂಡ, ಹನುಮಂತನನ್ನು ಕೆಲಸದಿಂದ ತೆಗೆದ. ನಾವು ಗೆದ್ದೆವು. ಗೆದ್ದದ್ದು ನನ್ನ ಡ್ರಮ್ಮಿನಿಂದ ಅಂತ ಯಾರಿಗೂ ಗೊತ್ತಾಗಲಿಲ್ಲ. ಜಯಮ್ಮ ಮಾತ್ರ ಖಾಲಿ ಡ್ರಮ್ಮುಗಳನ್ನು ನೋಡಿದಳು, ನನ್ನನ್ನು ನೋಡಿದಳು. ಅವಳು ಕೇಳದೇ ಇದ್ದದ್ದು ಇವತ್ತಿಗೂ ನಮ್ಮಿಬ್ಬರ ನಡುವೆ ಕೂತಿದೆ.

ಹನುಮಂತ ಹೆಂಡತಿ ಪುಟ್ಟಮ್ಮನನ್ನು ಕರೆದುಕೊಂಡು ಅವಳ ತವರು ಕಡೆ, ಕುಣಿಗಲ್ ತಾಲ್ಲೂಕಿಗೆ ಹೊರಟುಹೋದ. ಮಡು ಮಳೆಗಾಲದಲ್ಲಿ ತೊಳೆದುಹೋಯಿತು. ಮುಂದಿನ ವರ್ಷ ಮೀನು ಬಂದವು. ನಮ್ಮ ಭಾನುವಾರಗಳು ನಿಲ್ಲಲಿಲ್ಲ. ನಾನೇ ಎಲ್ಲರಿಗಿಂತ ಮೊದಲು ಇಳಿಯುತ್ತಿದ್ದೆ. ಕೆಲಸ ಮಾಡಿ ಮಾಡಿ ತೀರಿಸುತ್ತಿದ್ದೇನೆ ಅಂದುಕೊಂಡೆ. ಯಾರಿಗೆ ತೀರಿಸುತ್ತಿದ್ದೆನೋ —

ಹೋದ ವರ್ಷ ನಮ್ಮವರೆಲ್ಲ, ಹೊಳೆ ಎಲ್ಲಿಗೆ ಹೋಗುತ್ತದೋ ನೋಡೋಣ ಅಂತ ಸೈಕಲ್ಲಿನಲ್ಲೇ ಮಾರ್ಕೋನಹಳ್ಳಿ ಡ್ಯಾಮಿಗೆ ಹೋದೆವು. ನಮ್ಮ ಶಿಂಷೆಯೇ ಅಲ್ಲಿ ಬಂದು ನಿಲ್ಲುವುದು. ಉಳಿದವರು ನೀರಿಗೆ ಬಿದ್ದರು. ನಾನು ಟೀ ಕುಡಿಯಲು ರಸ್ತೆ ಬದಿಯ ಗುಡಿಸಲ ಅಂಗಡಿಗೆ ಹೋದರೆ — ಹನುಮಂತ. ತಲೆ ಅರ್ಧ ನರೆತಿತ್ತು.

“ಅಯ್ಯೋ, ಅಣ್ಣ. ಬಾ, ಕೂತ್ಕೊ” ಅಂದ. ಬೆಂಚನ್ನು ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿದ. ಪುಟ್ಟಮ್ಮ ಒಳಗಿಂದ ಬಂದು ಜಯಕ್ಕ ಹೇಗಿದ್ದಾರೆ ಅಂತ ವಿಚಾರಿಸಿದಳು. ಇಬ್ಬರ ಮುಖದಲ್ಲೂ ಸಿಟ್ಟಿಲ್ಲ. ಸಿಟ್ಟಿದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಡ್ಯಾಮಿನ ಪಕ್ಕದಲ್ಲೇ ಇದ್ದೀಯ, ದಿನಾ ಈಜು ಜೋರಿರಬೇಕು ಅಂದೆ. ಏನಾದರೂ ಆಡಬೇಕಲ್ಲ ಅಂತ ಆಡಿದ ಮಾತು. ಅವನು ನಕ್ಕ. ಪುಟ್ಟಮ್ಮ ಹೇಳಿದಳು: “ಎಲ್ಲೀದು ಭಾವ. ಇಲ್ಲಿಗೆ ಬಂದಾಗಿಂದ ನೀರಿಗೆ ಕಾಲಿಟ್ಟವ್ರಲ್ಲ. ಬೋರಿಂಗ್ ನೀರೇ ಆಗ್ಬೇಕು, ಕಾಲು ತೊಳ್ಯಾಕೂವೆ.”

ಹನುಮಂತ ಟೀ ಸೋಸುತ್ತಾ, ನನ್ನ ಕಡೆ ನೋಡದೆ ಹೇಳಿದ:

“ನೀ ಅವತ್ತು ತಡ್ದಿದ್ದು ಒಳ್ಳೇದೇ ಆಯ್ತು ಕಣಣ್ಣ. ಆಮ್ಯಾಕೆ ಕೂತು ಯೋಚ್ನೆ ಮಾಡ್ದೆ. ಬಂಡೆ ಮ್ಯಾಲೆ ಸುರ್ದಿದ್ದೇನೋ ನಿಜ. ಸಾಯಂಕಾಲ ಮಳೆ ಉಯ್ತಲ್ಲ, ಅದೇ ಕೊಚ್ಕೊಂಡೋಗಿರ್ಬೇಕು. ಆಣೆ ಮಡಗಿದ್ರೆ ಸುಳ್ಳಾಣೆ ಆಗೋಗಿರೋದು. ನೀ ಉಳಿಸ್ದೆ ನನ್ನ.”

ಅದೇ ಮಳೆ. ನನ್ನ ಡ್ರಮ್ಮಿನ ನೀರನ್ನು ಕೊಚ್ಚಿಕೊಂಡು ಹೋದ ಅದೇ ಮಳೆಯನ್ನು ಅವನು ತನ್ನ ತಲೆಯ ಮೇಲೆ ಹಾಕಿಕೊಂಡು ಕೂತಿದ್ದ. ನಾನು ಮರೆಸಿಟ್ಟ ನಿಜದ ಜಾಗಕ್ಕೆ ಅವನು ತನ್ನ ತಪ್ಪನ್ನು ತಾನೇ ಹುಡುಕಿ ತಂದು ಇಟ್ಟುಕೊಂಡಿದ್ದ. ಬಸ್ಸಿನ ಕೆಲಸ ಹೋದದ್ದು, ಊರು ಬಿಟ್ಟದ್ದು — ಅದನ್ನೆಲ್ಲ ನಾನು ಲೆಕ್ಕ ಹಾಕಿ ಇಟ್ಟುಕೊಂಡಿದ್ದೆ. ಇದು ನನ್ನ ಲೆಕ್ಕದಲ್ಲಿರಲಿಲ್ಲ. ಇಷ್ಟು ವರ್ಷ ಆ ಮನುಷ್ಯ ನೀರನ್ನು ದಿನಾ ಕಣ್ಣಲ್ಲಿ ನೋಡುತ್ತಾ ದಡದ ಮೇಲೇ ನಿಂತಿದ್ದಾನೆ. ನಾನು ಪ್ರತಿ ಭಾನುವಾರ ಸೊಂಟದವರೆಗೆ ನೀರಲ್ಲಿ ನಿಂತು ಹೊಗಳಿಸಿಕೊಂಡಿದ್ದೇನೆ.

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ. “ಟೀ ಚೆನ್ನಾಗದೆ ಹನುಮ” ಅಂದೆ.

ಅಷ್ಟೇ ಅಂದೆ. ಎದ್ದು ಬಂದೆ. ಬರುವಾಗ ಅವನು ನನ್ನ ಸೈಕಲ್ಲಿನ ಹಸಿರು ಬಣ್ಣವನ್ನು ಮುಟ್ಟಿ ನೋಡಿ, ಇನ್ನೂ ಹಂಗೇ ಅದೆ, ನಿನ್ನ ಕೈಗುಣ ಅಂದ.

ಮಳೆ ಬರುವುದು ಗೊತ್ತಿರಲಿಲ್ಲ, ಅವಸರವಿತ್ತು, ನಾಲ್ಕನೇ ಕ್ಲಾಸಿನವನಿಗೆ ಸಿಕ್ಕ ಮರ್ಯಾದೆ ಹೋಗುತ್ತಿತ್ತು — ಇವನ್ನೆಲ್ಲ ನಾನೇ ನನಗೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಇಲ್ಲಿ ಅದು ಯಾವುದೂ ನಿಲ್ಲುವುದಿಲ್ಲ. ಡ್ರಮ್ಮು ಉರುಳಿಸಿದ್ದು ಕೈ ಮಾಡಿದ ತಪ್ಪು. ದಡದ ಮೇಲೆ ಅವನನ್ನು ತಡೆದ ಆ ಮಾತು ಹಾಗಲ್ಲ. ಅದನ್ನು ನಾನು ತಿಳಿದೇ ಆಡಿದೆ.

ನಿನ್ನೆ ಇದನ್ನು ಜಯಮ್ಮನಿಗೆ ಓದಿ ಹೇಳಿದೆ. ಅವಳು ಪೂರ್ತಿ ಕೇಳಿ, “ಮೊದ್ಲು ಅವ್ನಿಗೆ ಯೋಳು, ಆಮೇಲೆ ಊರಿಗೆ” ಅಂದಳು. ನಾಳೆ ಹೊರಡುತ್ತೇನೆ, ಗುಬ್ಬಿಯಿಂದ ಮಾರ್ಕೋನಹಳ್ಳಿವರೆಗೆ, ಸೈಕಲ್ಲಿನಲ್ಲೇ. ಪುಟ್ಟಮ್ಮನ ಎದುರಿಗೇ ಹೇಳುತ್ತೇನೆ. ಬಂಡೆಯ ಮೇಲಿನ ನೀರು ಯಾರನ್ನೂ ಕೊಲ್ಲಲಿಲ್ಲ ಅಂತ, ಮಡುವಿನ ನೀರು ಹೇಗೆ ಜಾರಿತು ಅಂತ, ನಾನು ಕೈಯನ್ನು ಎಲ್ಲಿಗೆ ಒರೆಸಿಕೊಂಡೆ ಅಂತ. ಅವನು ಏನಾದರೂ ಅನ್ನಲಿ. ಕ್ಷಮಿಸು ಅಂತ ಕೇಳುವುದಿಲ್ಲ — ಕೇಳಿದರೆ ಅವನು ಕೊಟ್ಟುಬಿಡುತ್ತಾನೆ, ಅದೂ ನನಗೆ ಗೊತ್ತು.

ನೀರಿಗೆ ಇಳಿ ಅಂತ ಹೇಳುವ ಹಕ್ಕೂ ನನಗಿಲ್ಲ. ಅವನಿಗೆ ಮನಸ್ಸು ಬಂದ ದಿನ ಇಳಿಯಲಿ. ಅಲ್ಲಿಯವರೆಗೆ, ಇಲ್ಲಿ ಮಡುವಿನಲ್ಲಿ ನಮ್ಮವರು ಹೂಳು ಎತ್ತುವ ಭಾನುವಾರಗಳಲ್ಲಿ, ಅವರು ತುಂಬಿಕೊಟ್ಟ ಮಂಕರಿಯನ್ನು ಇಸಿದುಕೊಂಡು ದಿಣ್ಣೆಗೆ ಹೊರುತ್ತೇನೆ. ಹೊಳೆಗೆ ಕಾಲಿಡುವುದಿಲ್ಲ. ದಡದ ಮೇಲೆ ನಿಲ್ಲುವ ಸರದಿ ನನ್ನದು.