ಅತ್ತೆ ಎಸರಿಟ್ಟ ಸಂಜೆ

ದೆವ್ವ ಭೂತದ ಮಾತೆತ್ತಿದವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ನಟ್ಟು ಬೋಲ್ಟು ಬಿಚ್ಚಿ ನೋಡುವ ಚಟದವನು ನಾನು. ಸದ್ದೊಂದು ಬಂದ ಮೇಲೆ ಅದಕ್ಕೊಂದು ಕಾರಣ ಇದ್ದೇ ಇರಬೇಕೆಂಬುದು ನನ್ನ ವಾದ. ಈ ಒಂದು ಸಂಜೆಯನ್ನು ಮಾತ್ರ ಇಷ್ಟು ವರ್ಷವಾದರೂ ಬಿಚ್ಚಿ ನೋಡಲು ಆಗಿಲ್ಲ. ನೀವು ನಂಬಲೇಬೇಕೆಂದೇನೂ ಇಲ್ಲ.

ಎಪ್ಪತ್ತರ ದಶಕದ ಕೊನೆ. ತಿಪಟೂರಿನಲ್ಲಿ ನನ್ನ ನೌಕರಿ. ರಜೆಯೆಲ್ಲ ಹಳೆಯ ಬ್ರಿಟಿಷ್ ಮೋಟಾರ್ ಸೈಕಲ್ಲುಗಳ ರಿಪೇರಿಗೇ ಹೋಗುತ್ತಿತ್ತು. ದಂಡಿನಶಿವರದ ನನ್ನ ಸೋದರಮಾವನ ಹತ್ತಿರ ಅಂಥದ್ದೊಂದು ಗಾಡಿಯಿತ್ತು. ಸಂಜೆ ಅದು ಕೆರೆ ಏರಿಯ ಮೇಲೆ ಗುಡುಗುಡು ಎಂದರೆ ಸಾಕು, ಅತ್ತೆ ಮುದ್ದೆಗೆ ಎಸರಿಡುತ್ತಿದ್ದರು. ಮಾವ ಕೈಕಾಲು ತೊಳೆದು ಕೂರುವ ಹೊತ್ತಿಗೆ ತಟ್ಟೆಯಲ್ಲಿ ಬಿಸಿ ಮುದ್ದೆ. ಮಾವ ತೀರಿಕೊಂಡ ಮೇಲೆ ಗಾಡಿ ಕಾಯಿ ಒಣಗಿಸುವ ಕೊಬ್ಬರಿ ಅಟ್ಟದ ಕೆಳಗೆ ನಿಂತಿತು. ಅತ್ತೆ ಸಂಜೆ ಒಲೆ ಹಚ್ಚುವುದನ್ನೇ ಬಿಟ್ಟರು. ಬೆಳಗಿನ ತಂಗಳೇ ಅವರ ರಾತ್ರಿಯೂಟ.

ನನಗೆ ಚಿಕ್ಕಂದಿನಿಂದಲೂ ಆ ಗಾಡಿಯ ಮೇಲೆ ಕಣ್ಣು. ಎಷ್ಟು ಕೇಳಿದರೂ ಅತ್ತೆ ಕೊಡಲೊಲ್ಲರು. ಕೊನೆಗೊಮ್ಮೆ, “ಅದರ ಸದ್ದು ಒಂದ್ಸಲ ಕಿವಿಗೆ ಬೀಳ್ಲಿ ಕಣಪ್ಪ, ಆಮ್ಯಾಕೆ ತಗೊಂಡೋಗು” ಎಂದರು.

ಮಾಗಿಯ ಒಂದು ಭಾನುವಾರ ಹೋದೆ. ಇಂಜಿನ್ನಿನ ತಳದ ಬೋಲ್ಟು ಬಿಚ್ಚಿದರೆ ಹನಿ ಎಣ್ಣೆಯೂ ಬರಲಿಲ್ಲ. ಕಡ್ಡಿ ಹಾಕಿ ಕೆದಕಿದೆ, ಬೆಳ್ಳನೆಯ ಗಡ್ಡೆ. ಮೂಸಿದರೆ ಕೊಬ್ಬರಿ ಎಣ್ಣೆ! ತುಕ್ಕು ಹಿಡಿಯದಿರಲೆಂದು ಮಾವನೇ ಕಡೆಗಾಲದಲ್ಲಿ ತುಂಬಿಸಿದ್ದರಂತೆ. ಮನೆ ತುಂಬ ಕೊಬ್ಬರಿ ಇಟ್ಟುಕೊಂಡವರ ಬುದ್ಧಿ, ಏನು ಹೇಳುವುದು! ಚಳಿಗೆ ಅದು ಮೇಣದ ಹಾಗೆ ಗಟ್ಟಿಯಾಗಿತ್ತು. ಕಿಕ್ಕರ್ ಮೇಲೆ ಹತ್ತಿ ನಿಂತರೂ ಅಲುಗಲಿಲ್ಲ. ಕಿಡಿ ಕೊಡುವ ಮ್ಯಾಗ್ನೆಟೊವನ್ನು ರಿಪೇರಿಗೆಂದು ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಎಣ್ಣೆ ಕರಗಿದರೆ ಇಳಿಯಲೆಂದು ಇಂಜಿನ್ನಿನ ಕೆಳಗೊಂದು ಬಾಣಲೆ ಇಟ್ಟು, ಬಾಗಿಲು ಹಾಕಿ, ಬಂದು ಜಗಲಿಯ ಮೇಲೆ ಕೂತೆ.

ಹೊತ್ತು ಮುಳುಗುತ್ತಿತ್ತು. ಕೆರೆ ಏರಿಯ ಕಡೆಯಿಂದ ಸದ್ದು ಬಂತು. ಯಾರದೋ ಬೇರೆ ಗಾಡಿ ಎಂದುಕೊಂಡೆ. ಆದರೆ ನಡುನಡುವೆ ಒಂದು ಬಡಿತ ತಪ್ಪಿಸುವ ಮಾವನ ಗಾಡಿಯ ಆ ಗತ್ತು ನನಗೆ ಚಿಕ್ಕಂದಿನಿಂದ ಗೊತ್ತಿದ್ದದ್ದೇ. ಸದ್ದು ಅಂಗಳದವರೆಗೆ ಬಂದು ನಿಂತಿತು. ಗಾಡಿ ಕಾಣಲಿಲ್ಲ.

ಒಳಗೆ ಅತ್ತೆ ಆಗಲೇ ಒಲೆ ಹಚ್ಚಿದ್ದರು. “ನಿಮ್ಮಾವ ಬಂದ್ರು ಕಣಪ್ಪ. ಎಸರಿಟ್ಟಿವ್ನಿ.”

ಅಟ್ಟದ ಕೆಳಕ್ಕೆ ಓಡಿದೆ. ಗಾಡಿ ಇದ್ದಲ್ಲೇ ಇತ್ತು. ಇಂಜಿನ್ ಮುಟ್ಟಿದರೆ ಬೆಚ್ಚಗಿತ್ತು. ಬಾಣಲೆಯ ತುಂಬ ಎಣ್ಣೆ ನೀರಿನ ಹಾಗೆ ತಿಳಿಯಾಗಿ ನಿಂತಿತ್ತು. ಮ್ಯಾಗ್ನೆಟೊ ನನ್ನ ಚೀಲದಲ್ಲೇ ಇತ್ತು.

ಅಂದು ಅತ್ತೆ ಬಿಸಿ ಮುದ್ದೆ ಉಂಡರು. ನನಗೂ ಬಡಿಸಿದರು. “ಸದ್ದು ಕೇಳಿದ್ನಲ್ಲ, ತಗೊಂಡೋಗು” ಎಂದರು. ಅಷ್ಟು ವರ್ಷ ಆಸೆಪಟ್ಟ ಗಾಡಿ ಕೈಗೆ ಬಂದರೂ ನಾನು ಚೀಲದಲ್ಲಿದ್ದ ಮ್ಯಾಗ್ನೆಟೊವನ್ನೇ ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದೆ.

ಮರುವರ್ಷದ ಮಾಗಿಯಲ್ಲಿ ಅದೇ ಜಾಗದಲ್ಲಿ ಒಂದು ಬಟ್ಟಲು ಗಟ್ಟಿ ಕೊಬ್ಬರಿ ಎಣ್ಣೆ ಇಟ್ಟು ಸಂಜೆಯವರೆಗೂ ಕಾದೆ. ಅಂದು ಇಂಜಿನ್ನಿನ ಎಣ್ಣೆ ಅಟ್ಟದ ಕಾವಿಗೇ ಕರಗಿದ್ದಿರಬಹುದೆಂಬ ಆಸೆ ನನ್ನದು. ಅತ್ತೆ ನಕ್ಕರು. “ಕೊಬ್ಬರಿಯಾಗೈತಾ ಅಂತ ಕಾಯಿನ ಅಲ್ಲಾಡ್ಸಿ ನೋಡ್ಬೋದು ಕಣ್ಲಾ. ಇದ್ನ ಹೆಂಗೆ ಅಲ್ಲಾಡ್ಸಿ ನೋಡ್ತೀಯ, ಬುಡು.”

ಬಟ್ಟಲನ್ನು ಓರೆ ಮಾಡಿ ನೋಡಿದೆ. ಎಣ್ಣೆ ಅಲುಗಲಿಲ್ಲ.