ಎಣ್ಣೆಗೈ ಮತ್ತು ಕಸೂತಿ

ಮೊದಲು ಅದನ್ನು ಜೇಡರಬಲೆ ಎಂದುಕೊಂಡೆ.

ರೆಡ್‌ವುಡ್ ಸಿಟಿಯ ಆಫೀಸಿನಿಂದ ಫ್ರೀಮಾಂಟಿನ ಮನೆಗೆ ಮರಳುತ್ತಿದ್ದೆ. ಕೊಲ್ಲಿಯ ಮೇಲಿನ ಸೇತುವೆಯಲ್ಲಿ ಎಂದಿನಂತೆ ಕಾರುಗಳು ತೆವಳುತ್ತಿದ್ದವು. ಗಾಜಿನ ಮೇಲೆ ಎಡಗಡೆ ಒಂದು ಕಪ್ಪು ಎಳೆ ತೇಲಿದಂತಾಯಿತು. ವೈಪರ್ ಹಾಕಿದೆ. ಹೋಗಲಿಲ್ಲ. ನೋಟ ಹೊರಳಿದ ಕಡೆಗೆಲ್ಲ ಅದೂ ಹೊರಳಿತು. ಬಲಗಣ್ಣು ಮುಚ್ಚಿ ನೋಡಿದೆ. ಮುಂದಿನ ಕಾರಿನ ಕೆಂಪು ದೀಪದ ಮೇಲೆ ಯಾರೋ ಮಸಿ ಸುರುವಿದಂತಿತ್ತು.

ಎಳೆ ಇದ್ದದ್ದು ನನ್ನ ಕಣ್ಣೊಳಗೆ.

ಸೇತುವೆಯ ಮೇಲೆ ನಿಲ್ಲಿಸಲು ಜಾಗವಿಲ್ಲ. ಒಂದೇ ಕಣ್ಣಿನಲ್ಲಿ, ಬೆವರಿದ ಕೈಗಳಲ್ಲಿ ಸ್ಟಿಯರಿಂಗ್ ಹಿಡಿದು ಆಚೆ ದಡ ಮುಟ್ಟಿದೆ. ಮೊದಲ ಪಾರ್ಕಿಂಗ್ ಲಾಟಿನಲ್ಲಿ ಕಾರು ನಿಲ್ಲಿಸಿ ಹೆಂಡತಿ ಶೈಲಾಳಿಗೆ ಫೋನು ಮಾಡಿದೆ. "ಏನಾತ್ರಿ? ಎಲ್ಲಿದ್ದೀರಿ? ಮಾತಾಡ್ರಿ," ಎಂದು ಅವಳು ಕೇಳುತ್ತಲೇ ಇದ್ದಳು.

ಮರುದಿನ ಕಣ್ಣಿನ ಡಾಕ್ಟರು ಬಹಳ ಹೊತ್ತು ಬೆಳಕು ಬಿಟ್ಟು ನೋಡಿದರು. ನನಗೆ ಕೆಲವು ವರ್ಷಗಳಿಂದ ಡಯಾಬಿಟಿಸ್ ಇದೆ. ಮಾತ್ರೆ ನುಂಗುತ್ತಿದ್ದೆ, ಅಷ್ಟೇ. ಆ ಸಕ್ಕರೆ ಕಣ್ಣಿನ ಹಿಂದಿನ ರೆಟಿನಾದ ಸಣ್ಣ ರಕ್ತನಾಳಗಳನ್ನು ಹಾಳು ಮಾಡಿದೆ, ಒಂದು ಒಡೆದು ರಕ್ತ ಸೋರಿದೆ ಎಂದರು. ಇಂಜೆಕ್ಷನ್ ಕೊಡಬೇಕು, ಮುಂದೆ ಲೇಸರ್ ಬೇಕಾಗಬಹುದು.

"ಇಂಜೆಕ್ಷನ್ ಎಲ್ಲಿಗೆ?" ಶೈಲಾ ಕೇಳಿದಳು.

ಕಣ್ಣೊಳಗೆ.

ಬಲಗಣ್ಣಿನಲ್ಲೂ ಶುರುವಾಗಿದೆ ಎಂದು ಅವರು ಹೇಳಿದ್ದು ಆಮೇಲೆ, ನಾವು ಎದ್ದು ನಿಂತಾಗ.

ಇಂಜೆಕ್ಷನ್ನಿನ ನೋವನ್ನು ನಾನು ಮರೆತಿದ್ದೇನೆ. ಮರಗಟ್ಟಿಸುವ ಹನಿ ಹಾಕಿರುತ್ತಾರೆ, ನೋವು ಹೆಚ್ಚಿರುವುದಿಲ್ಲ. ಮರೆಯಲಾಗದ್ದು ರೆಪ್ಪೆ ಮುಚ್ಚದಂತೆ ಹಿಡಿದಿಡುವ ಕ್ಲಿಪ್ಪು. ಹೆದರಿದಾಗ ಮನುಷ್ಯ ಕಣ್ಣು ಮುಚ್ಚಿಕೊಳ್ಳುತ್ತಾನೆ. ಅಲ್ಲಿ ಅದಕ್ಕೂ ಅವಕಾಶವಿಲ್ಲ.

ಮನೆಗೆ ಬಂದವನು ಸೋಫಾದ ಮೇಲೆ ಕೂತೆ. ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ಓದಲು ಪ್ರಯತ್ನಿಸುತ್ತಿದ್ದೆ. ಕೈ ತಾನಾಗಿ ಚಕ್ಕುಲಿ ಡಬ್ಬಿಗೆ ಹೋಯಿತು. ಕುರುಡನಾಗುತ್ತೇನೆಂಬ ಭಯದಲ್ಲಿ, ಕುರುಡು ಮಾಡುವುದನ್ನೇ ತಿನ್ನುತ್ತಿದ್ದೆ. ಇದು ಗೊತ್ತಿತ್ತು. ಗೊತ್ತಿದ್ದೂ ಕೈ ನಿಲ್ಲಲಿಲ್ಲ. ಹೆದರಿಕೆ ಹೆಚ್ಚಿದಷ್ಟೂ ಡಬ್ಬಿ ಬೇಗ ಖಾಲಿಯಾಯಿತು.

ಊಟದ ಪಥ್ಯ ಹೇಳಲೆಂದು ಡಾಕ್ಟರು ಕಳಿಸಿದ್ದ ಡಯಟೀಶಿಯನ್ ಮೆತ್ತನೆಯ ದನಿಯ ಹೆಂಗಸು. ನನ್ನ ಊಟದಲ್ಲಿ ಅವರಿಗೆ ದೊಡ್ಡ ತಪ್ಪೇನೂ ಕಾಣಲಿಲ್ಲ. ರೊಟ್ಟಿ, ಪಲ್ಯ, ಮೊಸರು. ತೊಂದರೆ ಇದ್ದದ್ದು ಆಫೀಸಿನಿಂದ ಬಂದ ಮೇಲೆ ಊಟದವರೆಗಿನ ಹೊತ್ತಿನಲ್ಲಿ. ಟಿವಿ ಮುಂದೆ ಚಕ್ಕುಲಿ, ಖಾರ, ಹಚ್ಚಿದ ಅವಲಕ್ಕಿ. ಎಷ್ಟು ತಿನ್ನುತ್ತೀರಿ ಎಂದರು. ನನಗೆ ತಿಳಿಯದು, ನೋಡಿಕೊಂಡು ತಿಂದವನಲ್ಲ. ಆ ಹೊತ್ತಿಗೆ ಕೈಗೆ ಬೇರೆ ಕೆಲಸ ಕೊಡಲಾಗುತ್ತದೆಯೇ ಎಂದು ಕೇಳಿದರು.

ಶೈಲಾ ಮನೆಗೆ ಬಂದು ತನ್ನ ಕಸೂತಿಯ ಚೀಲ ತಂದು ನನ್ನ ಮುಂದಿಟ್ಟಳು.

ಅವಳು ಧಾರವಾಡದವಳು. ಕಸೂತಿ ಅವಳ ತಾಯಿಯಿಂದ ಬಂದದ್ದು. ನಾನು ಹುಬ್ಬಳ್ಳಿಯವನು, ಅಂಗಿಯ ಗುಂಡಿ ಹಚ್ಚಿದವನೂ ಅಲ್ಲ.

"ಇರೋ ಕಣ್ಣೂ ಹಾಳಾಗ್ತಾವ," ಎಂದೆ.

ಅವಳು ಡಾಕ್ಟರ ಆಫೀಸಿಗೆ ಫೋನು ಮಾಡಿ ಕೇಳಿಯೇಬಿಟ್ಟಳು. ಬಳಸುವುದರಿಂದ ಕಣ್ಣು ಹಾಳಾಗುವುದಿಲ್ಲ, ಸಕ್ಕರೆಯಿಂದ ಹಾಳಾಗುತ್ತದೆ ಎಂಬ ಉತ್ತರ ಬಂತು. ದೊಡ್ಡ ತೂತಿನ ದಪ್ಪ ಬಟ್ಟೆ, ಕಡುಗೆಂಪು ದಾರ, ಮೊಂಡು ತುದಿಯ ಸೂಜಿ ಕೊಟ್ಟಳು. ಗವಂತಿ ಎಂಬ ಹೊಲಿಗೆ ಹೇಳಿಕೊಟ್ಟಳು. ಒಂದು ಎಳೆ ಬಿಟ್ಟು ಒಂದು ಎಳೆಯಂತೆ ಸಾಗಿ, ಹಿಂತಿರುಗುವಾಗ ಬಿಟ್ಟಲ್ಲೆಲ್ಲ ತುಂಬಿಕೊಂಡು ಬರಬೇಕು. ಗಂಟು ಹಾಕುವಂತಿಲ್ಲ. ಎಣಿಕೆ ತಪ್ಪಿದರೆ ಹಿಂತಿರುಗಲು ದಾರಿಯೇ ಇರುವುದಿಲ್ಲ.

ಮೊದಲ ಸಂಜೆ ಸೂಜಿ ಹಿಡಿದೇ ಡಬ್ಬಿಗೆ ಕೈ ಚಾಚಿದೆ.

"ಎಣ್ಣಿಗೈಲೆ ಅರಿವಿ ಮುಟ್ಟಬ್ಯಾಡ್ರಿ!" ಅವಳು ಕೂಗಿದಳು. "ತಿನ್ನೂದಿದ್ರ ತಿನ್ರಿ, ಆದ್ರ ಸಾಬೂನು ಹಚ್ಚಿ ಕೈ ತೊಳಕೊಂಡು ಬರ್ರಿ."

ಎದ್ದು, ತಿಂದು, ಕೈ ತೊಳೆದು, ಒರೆಸಿಕೊಂಡು ಬಂದು ಕೂತರೆ ಎಣಿಕೆ ಮರೆತಿರುತ್ತಿತ್ತು. ಬಿಚ್ಚಿ ಮತ್ತೆ ಶುರು. ಕೆಲವು ಸಂಜೆಗಳ ನಂತರ, ಈ ಸಾಲು ಮುಗಿಯಲಿ ಆಮೇಲೆ ಎದ್ದರಾಯಿತು ಅಂದುಕೊಳ್ಳತೊಡಗಿದೆ. ಸಾಲು ಮುಗಿಯುವಷ್ಟರಲ್ಲಿ ಚಪಲ ಇಳಿದಿರುತ್ತಿತ್ತು, ಅಡುಗೆಮನೆಯಲ್ಲಿ ಒಗ್ಗರಣೆ ಸದ್ದು ಕೇಳುತ್ತಿತ್ತು.

ಭಯ ಹೋಗಲಿಲ್ಲ. ಆದರೆ ಎಳೆ ಎಣಿಸುವಾಗ ಅದು ಸ್ವಲ್ಪ ದೂರ ಕೂತಿರುತ್ತಿತ್ತು.

ಸಕ್ಕರೆ ಇಳಿಯತೊಡಗಿತು. ಅಲ್ಲಿ ನಾನು ಇನ್ನೊಂದು ಹುಚ್ಚಿಗೆ ಬಿದ್ದೆ. ತಿನ್ನದಿದ್ದರೆ ಇಷ್ಟು ಒಳ್ಳೆಯದಾದರೆ, ಇನ್ನೂ ತಿನ್ನದಿದ್ದರೆ? ಒಂದು ರೊಟ್ಟಿ ಬಿಟ್ಟೆ. ಆಮೇಲೆ ಮಧ್ಯಾಹ್ನದ ಊಟವನ್ನೇ ಬಿಡತೊಡಗಿದೆ. ಮಾತ್ರೆ ಮಾತ್ರ ತಪ್ಪಿಸುತ್ತಿರಲಿಲ್ಲ. ಮನೆಯಲ್ಲಿ ಊಟಕ್ಕೆ ಕರೆದರೆ ಬಟ್ಟೆಯ ಮೇಲೆ ಅರ್ಧ ಮೂಡಿದ ನವಿಲು ತೋರಿಸುತ್ತಿದ್ದೆ: "ಈ ನವಿಲಿನ ಕುತ್ತಿಗಿ ಒಂದು ಮುಗೀಲಿ."

ಒಂದು ಶನಿವಾರ ಮಧ್ಯಾಹ್ನ ಶೈಲಾ ಗ್ರೋಸರಿಗೆ ಹೋಗಿದ್ದಳು. ಸೂಜಿ ತೂತಿಗೆ ಬೀಳುತ್ತಿರಲಿಲ್ಲ. ಮತ್ತೆ ಪ್ರಯತ್ನಿಸಿದೆ. ಬಟ್ಟೆ ಮಸುಕಾಯಿತು. ಮತ್ತೆ ರಕ್ತ ಸೋರುತ್ತಿದೆ ಎಂದುಕೊಂಡೆ. ಎಡಗಣ್ಣು ಮುಚ್ಚಿದೆ. ಮಸುಕು. ಬಲಗಣ್ಣು ಮುಚ್ಚಿದೆ. ಮಸುಕು.

ಎರಡೂ ಹೋದವು.

ಕೂಗಿದೆನೋ ಇಲ್ಲವೋ ನೆನಪಿಲ್ಲ. ಹೈಸ್ಕೂಲಿನಲ್ಲಿರುವ ಮಗಳು ಮೇಘಾ ಮೆಟ್ಟಿಲಿಳಿದು ಬಂದಳು. ಅವಳಿಗೆ ನಮ್ಮ ಮಾತೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಅಪ್ಪಾ, ಯುವರ್ ಹ್ಯಾಂಡ್ಸ್! ಯು ಆರ್ ಶೇಕಿಂಗ್!"

ಅಂಗಿ ಬೆವರಿನಿಂದ ತೊಯ್ದಿತ್ತು. ಅವಳೇ ಮೀಟರ್ ತಂದು ಬೆರಳು ಚುಚ್ಚಿದಳು. ಸಕ್ಕರೆ ತೀರಾ ಕೆಳಗಿಳಿದಿತ್ತು. ಆರೆಂಜ್ ಜ್ಯೂಸಿನ ಲೋಟ ನನ್ನ ತುಟಿಗೆ ಹಿಡಿದಳು. ಜ್ಯೂಸು ನೋಡಿ ನಾನು ಮುಖ ತಿರುಗಿಸಿದೆ. ಅಷ್ಟು ಭಯ ಹೊಕ್ಕಿತ್ತು ನನಗೆ ಸಿಹಿಯೆಂದರೆ.

"ಡ್ರಿಂಕ್ ಇಟ್, ಅಪ್ಪಾ. ಪ್ಲೀಸ್."

ಕುಡಿದೆ. ನಿಧಾನವಾಗಿ ಅವಳ ಮುಖ ಸ್ಪಷ್ಟವಾಯಿತು. ಅತ್ತಿದ್ದಳು.

"ವೈ ಡಿಡಂಟ್ ಯು ಈಟ್?"

"ಹೆದರಿಕಿ, ಪುಟ್ಟಿ."

ಅವಳು ಖಾಲಿ ಲೋಟ ಕೆಳಗಿಟ್ಟಳು. ಆಮೇಲೆ, "ನಂಗೂ ಹೆದ್ರಿಕಿ," ಎಂದಳು.

ಸೋಮವಾರ ಡಯಾಬಿಟಿಸ್ ನೋಡುವ ಡಾಕ್ಟರು ಒಂದು ಮಾತ್ರೆ ಕಡಿಮೆ ಮಾಡಿದರು. ಊಟ ಬಿಡುವುದು ಪಥ್ಯವಲ್ಲ, ಅದೂ ಅಪಾಯವೇ ಎಂದು ಗದರಿದರು. ಅಂದಿನಿಂದ ಶೈಲಾ ಕಸೂತಿಗೂ ಹೊತ್ತು ಗೊತ್ತುಮಾಡಿದಳು. ತಾಟು ಟೇಬಲ್ಲಿಗೆ ಬಂದೊಡನೆ ನನ್ನ ಕೈಯಿಂದ ಬಟ್ಟೆ ಕಿತ್ತುಕೊಂಡು ಮಡಚಿಡುತ್ತಾಳೆ. ಸಾಲು ಅರ್ಧಕ್ಕಿದ್ದರೂ ಸರಿ. ಮೂವರೂ ಕೂತು ಉಣ್ಣುತ್ತೇವೆ, ಟಿವಿ ಇಲ್ಲ. ಎರಡು ರೊಟ್ಟಿ, ಪಲ್ಯ, ಬೇಳೆ, ಹಸಿ ಸೌತೆಕಾಯಿ. ಅಗಿದು ತಿನ್ನುವುದನ್ನು ಈ ವಯಸ್ಸಿನಲ್ಲಿ ಕಲಿತೆ.

ಕಸೂತಿ ನನ್ನ ರೋಗ ವಾಸಿ ಮಾಡಿತೆಂದು ನಾನು ಹೇಳುವುದಿಲ್ಲ. ಇಂಜೆಕ್ಷನ್ನುಗಳಿವೆ, ಮಾತ್ರೆಗಳಿವೆ, ಲೇಸರೂ ಆಯಿತು. ಸೂಜಿ ಕಾಯ್ದದ್ದು ಸಂಜೆಯ ಆ ಒಂದು ಹೊತ್ತನ್ನು ಮಾತ್ರ. ಆದರೆ ನಾನು ಎಡವುತ್ತಿದ್ದುದು ಆ ಹೊತ್ತಿನಲ್ಲೇ.

ಹೋದ ವಾರ ಮತ್ತೆ ತಪಾಸಣೆ ಇತ್ತು. ಗದ್ದವನ್ನು ಯಂತ್ರದ ಮೇಲಿಟ್ಟೆ. ಎಡಗಣ್ಣಿನ ಮೂಲೆಯಲ್ಲಿ ಒಂದು ಮಸುಕು ಉಳಿದಿದೆ, ಅದು ಉಳಿಯುತ್ತದೆ ಎಂದರು. ಹೊಸದಾಗಿ ರಕ್ತ ಸೋರಿಲ್ಲ, ಸದ್ಯಕ್ಕೆ. ಆ "ಸದ್ಯಕ್ಕೆ" ಎಂಬುದನ್ನು ಹಿಡಿದುಕೊಂಡೇ ಹೊರಬಂದೆ.

ಪಾಪೆ ಹಿಗ್ಗಿಸುವ ಹನಿ ಹಾಕಿದ್ದರಿಂದ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಶೈಲಾ ತೋಳು ಹಿಡಿದು ಕಾರಿನ ಕಡೆಗೆ ನಡೆಸುತ್ತಿದ್ದಳು. ಹೊಟ್ಟೆಯಲ್ಲಿ ಏನೋ ಆಯಿತು. ಭಯವೇ ಇರಬೇಕೆಂದುಕೊಂಡು ನಿಂತೆ.

ಭಯವಾಗಿರಲಿಲ್ಲ.

"ಯಾಕ ನಿಂತ್ರಿ?" ಅವಳು ಗಾಬರಿಯಾಗಿ ಕೇಳಿದಳು.

"ಹಸಿವಿ ಆಗೇದ," ಎಂದೆ.