ಮುಲಾಮಿನ ಮಾತು ಅಡಿಗಿಮನ್ಯಾಗ

ಎಚ್‌ಐವಿ ತಡೆಯೋ ಹೊಸ ಮುಲಾಮು ಕಂಡುಹಿಡಿಯಾಕ ಆಗ ಸಂಶೋಧನೆ ನಡೆದಿತ್ತು. ಹೆಂಗಸರು ಗಂಡಗ ಹೇಳದ ಹಚ್ಚಿಕೊಳ್ಳೋವಂಥದ್ದು. ಅದಕ್ಕ ರೊಕ್ಕ ಕೊಡೋರ ಕಡೆಯಿಂದ ಒಬ್ರು ಹೆಣ್ಣುಮಗಳು, ಓದಿದ ಬಾಯಾರು, ನಮಗದು ಬೇಕೋ ಬ್ಯಾಡೋ ಕೇಳಾಕ ನಮ್ಮೂರು ಉಗರಗೋಳಕ್ಕ ಬಂದ್ರು. ಪರಊರವರು ಬಂದಾರಂತ ಮರ್ಯಾದಿಗೆ ಗಂಡಸರೆಲ್ಲಾ ನಮ್ಮ ಪಡಸಾಲಿಗೆ ಬಂದು ಮುಂದಿನ ಜಮಖಾನಿ ಮ್ಯಾಲೆ ಕುಂತ್ರು. ಗಂಡನ ಬೆನ್ನ ಹಿಂದ ಕುಂತು, ಗಂಡಗ ಗೊತ್ತಾಗದ ಮುಲಾಮು ಕೊಡ್ರಿ ಅನ್ನಾಕ ಯಾರಿಗೆ ಧೈರ್ಯ? ಬಾಯಾರು 'ಇಲ್ಲಿಯವರಿಗೆ ಬೇಕಿಲ್ಲ' ಅಂತ ಬರಕೊಂಡು ಎದ್ರು.

ನನ್ನ ಅಳಿಯ ಲಾರಿ ಹೊಡದು ತಿಂಗಳಿಗೊಮ್ಮೆ ಮನಿಗೆ ಬರಾಂವ. ನನಗ ಮಗಳ ಚಿಂತಿ. 'ಉಡಿ ತುಂಬದ ಕಳಸಾಂಗಿಲ್ರಿ' ಅಂತ ಬಾಯಾರನ್ನ ಅಡಿಗಿಮನಿಗೆ ಎಳಕೊಂಡು ಹೋದೆ, ಹೆಂಗಸರೆಲ್ಲಾ ಹಿಂದ ಬಂದಮ್ಯಾಲೆ ಕದ ಹಾಕಿದೆ. ಉಡಿ ತುಂಬೋ ಕಡೆ ಗಂಡಸರು ಬರಾಂಗಿಲ್ಲ. ಅಕ್ಕಿ, ಕಾಯಿ ಉಡಿಗೆ ಬೀಳೂತಲೇ ಹೆಂಗಸರೆಲ್ಲಾ ಒಮ್ಮೆಲೇ ಗುಸುಗುಸು ಕೇಳಾಕ ಹತ್ತಿದ್ರು.

'ಯಾವಾಗ ಬರತೈತ್ರಿ?'

'ವಾಸನಿ ಹೊಡಿತೈತೇನ್ರಿ? ನಮ್ಮಾಂವಂದು ಮೂಗು ಭಾಳ ಚುರುಕ!'

'ಸಾವಕಾಶ್ರೀ, ಬರಕೋಬೇಕು' ಅಂದ್ರು ಬಾಯಾರು. ಎರಡೂ ಕೈಯಾಗ ಉಡಿ, ಬರಿಯೋದು ಹೆಂಗ? ಉಡಿ ನಾ ಹಿಡಕೊಂಡೆ. 'ಮೊದಲ ಹೊರಗ ಬರದದ್ದು ಹೊಡದ ಹಾಕ್ರಿ' ಅಂದೆ. ಹೊಡದ ಹಾಕಿದ್ರು.

ಹೊರಗ ಬಂದ್ರ ನನ್ನ ಯಜಮಾನ, 'ಉಡಿ ತುಂಬಾಕ ಇಷ್ಟೊತ್ತೇನ?' ಅಂದ.

'ಅಕ್ಕ್ಯಾಗ ಹರಳು ಭಾಳ ಇದ್ವು' ಅಂದೆ.